ಹಸಿರು ಸೈಕಲ್ಲಿನ ಹೊಟ್ಟೆಯೊಳಗೆ

ಸೈಕಲ್ ಕ್ಲಬ್ಬಿಗೆ ಸೇರಿದ ಮೊದಲ ಭಾನುವಾರವೇ, ತನ್ನ ಕೈಕಾಲು ಮುರಿಯಲು ಸಂಚು ನಡೆದಿದೆಯೆಂದು ಬಾಲ ನಂಬಿಬಿಟ್ಟ.

ಬಣ್ಣದಂಗಡಿಯಲ್ಲಿ ಡಬ್ಬಿ ಕುಲುಕುವ ಯಂತ್ರದ ಪಕ್ಕ ದಿನವಿಡೀ ನಿಲ್ಲುವ ಕೆಲಸ ಅವನದು. ಗಿರಾಕಿ ತೋರಿಸಿದ ಬಣ್ಣಕ್ಕೆ ಹೊಂದುವ ಬಣ್ಣವನ್ನು ಬೆರೆಸಿ ಕೊಡಬೇಕು. ಯಂತ್ರ ಡಬ್ಬಿಯನ್ನು ಕುಲುಕುತ್ತಿತ್ತೇ ಹೊರತು ಅವನ ಹೊಟ್ಟೆಯನ್ನಲ್ಲ. ಅದು ತನ್ನ ಪಾಡಿಗೆ ತಾನು ಬೆಳೆಯುತ್ತಿತ್ತು. ಅದಕ್ಕೊಂದು ಗತಿ ಕಾಣಿಸಬೇಕೆಂದು ರೇಸ್ ಸೈಕಲ್ಲು ಕೊಂಡ, ಮೈಗಂಟುವ ಅಂಗಿ ಚಡ್ಡಿ ಕೊಂಡ. ಕನ್ನಡಿಯ ಮುಂದೆ ನಿಂತಾಗ ಬಾಯಿ ಬಿಗಿದು ಕಟ್ಟಿದ ಮೂಟೆಯಂತೆ ಕಂಡ. ಆದರೂ ಎದೆ ಗಟ್ಟಿ ಮಾಡಿಕೊಂಡು ಹೋದ.

ಹೋಗುವ ದಾರಿಯಲ್ಲಿ ಅವನಿಗೇ ಅಚ್ಚರಿ. ಕಾಲು ಆಡಿಸಿದರೆ ಸಾಕು, ಸೈಕಲ್ಲು ಹಾರುತ್ತಿದೆ. ಮುಂದೆ ಹಸಿರು ಸೈಕಲ್ಲಿನ ಮೇಲೆ ನರೆತ ತಲೆಯ ಒಬ್ಬರು ಬಾಗಿ ತುಳಿಯುತ್ತಿದ್ದರು; ಅವರ ಹಿಂದಿನ ಚಕ್ರದಿಂದ ಗೇಣಳತೆ ದೂರದಲ್ಲಿ ಇವನು. ‘ನನ್ನಲ್ಲಿ ಹುಟ್ಟಿನಿಂದಲೇ ಏನೋ ಇದೆ, ಮನೆಯವರಿಗೆ ಗೊತ್ತಾಗಲಿಲ್ಲ ಅಷ್ಟೆ’ ಎಂದುಕೊಂಡ. ಊರಾಚೆಯ ಟೀ ಅಂಗಡಿಯ ಬಳಿ ಎಲ್ಲರೂ ಇಳಿದಾಗ ಆ ನರೆತ ತಲೆಯವರು ಇವನತ್ತ ಬೆರಳು ಮಾಡಿ ಉಳಿದವರಿಗೆ ಹೇಳಿದರು:

“ಈ ಹುಡುಗ ದಾರಿಯುದ್ದಕ್ಕೂ ನನ್ನ ಬೆನ್ನಿಗೇ ಬಿದ್ದಿದ್ದ. ಇರ್ಲಿ, ವಾಪಸ್ ಹೋಗುವಾಗ ಮುಯ್ಯಿ ತೀರಿಸಿಕೊಳ್ತೀನಿ.”

“ಬಿಡಬೇಡಿ ಮಾಮ. ನಾವೂ ಇದ್ದೀವಲ್ಲ, ಒಬ್ಬೊಬ್ಬರಾಗಿ ತೀರಿಸಿಕೊಳ್ಳೋಣ,” ಎಂದ ಇನ್ನೊಬ್ಬ.

ಕೈಯಲ್ಲಿದ್ದ ಟೀ ತಣ್ಣಗಾಗುವ ಮೊದಲೇ ಬಾಲನ ಕೈಕಾಲು ತಣ್ಣಗಾದವು. ಈಗ ಬಂದೆ ಎಂದು ಕಿರುಬೆರಳು ತೋರಿಸಿ, ಸೈಕಲ್ಲನ್ನು ತಳ್ಳಿಕೊಂಡೇ ಅಂಗಡಿಯ ಹಿಂದಿನ ಓಣಿಗೆ ಇಳಿದ. ಕಿರುಬೆರಳು ತೋರಿಸಿದವನಿಗೆ ಸೈಕಲ್ಲು ಯಾಕೆ ಎಂದು ಯಾರೂ ಕೇಳಲಿಲ್ಲ. ಆ ಓಣಿ ಇಟ್ಟಿಗೆ ಗೂಡುಗಳ ನಡುವೆ ಸುತ್ತಿ ಬಳಸಿ, ಅವನು ಮನೆ ಸೇರುವಾಗ ಬಿಸಿಲು ನೆತ್ತಿಗೇರಿತ್ತು. “ಇದೇನೋ, ಸೈಕಲ್ಲೇ ನಿನ್ನನ್ನ ಓಡಿಸ್ಕೊಂಡು ಬಂತಾ?” ಎಂದರು ಅತ್ತಿಗೆ.

ಸಂಜೆ ಕ್ಲಬ್ಬಿನ ಕಾರ್ಯದರ್ಶಿಯ ಫೋನು. ಇವರು ವೃತ್ತಿಯಿಂದ ಹಲ್ಲಿನ ಡಾಕ್ಟರು. ಬಾಲ ತಡವರಿಸುತ್ತ ವಿಷಯ ಹೇಳಿದ. ಅತ್ತ ಕಡೆಯಿಂದ ಬಹಳ ಹೊತ್ತು ಬರೀ ನಗು.

“ಅಯ್ಯೋ ದೇವರೇ! ಮುಯ್ಯಿ ಅಂದ್ರೆ ಸೇಡಲ್ಲ ಕಣೋ. ಮುಂದಿರೋನು ಗಾಳಿ ಸೀಳ್ತಾನೆ, ಹಿಂದಿರೋನು ಅವನ ಮರೆಯಲ್ಲಿ ಆರಾಮಾಗಿ ಬರ್ತಾನೆ. ಆಮೇಲೆ ಹಿಂದಿದ್ದೋನು ಮುಂದೆ ಹೋಗಿ ಅಷ್ಟೇ ದೂರ ಗಾಳಿಗೆ ಎದೆ ಕೊಡ್ಬೇಕು. ಒಬ್ಬರ ಹೊಲಕ್ಕೆ ಒಬ್ಬರು ಕೆಲಸಕ್ಕೆ ಹೋಗೋ ಮುಯ್ಯಾಳಿನ ಲೆಕ್ಕ. ಅದನ್ನೇ ನಾವು ಮುಯ್ಯಿ ಅನ್ನೋದು.”

ತನ್ನಲ್ಲಿ ಹುಟ್ಟಿನಿಂದ ಇದೆ ಎಂದುಕೊಂಡದ್ದು ಇನ್ನೊಬ್ಬರ ಬೆನ್ನಿನ ಮರೆ ಎಂದು ಅವನಿಗೆ ತಿಳಿದದ್ದು ಆಗ. ಮುಂದಿನ ಭಾನುವಾರಗಳಲ್ಲಿ ಮುಯ್ಯಿ ತೀರಿಸಲು ಅವನು ಮುಂದೆ ಹೋದಾಗಲೆಲ್ಲ ಇಡೀ ಸಾಲು ಆಮೆಗಳ ದಿಬ್ಬಣವಾಗುತ್ತಿತ್ತು. ಕಡೆಗೆ ಎಲ್ಲರೂ ಕೈಮುಗಿದು ಅವನನ್ನು ಹಿಂದಕ್ಕೆ ಕಳಿಸಿದರು, ಸಾಲಿನ ತುದಿಯ ಬಾಲ ಎಂದು ಹೆಸರಿಟ್ಟರು; ಅದೇ ಅವನ ಹೆಸರಾಗಿ ನಿಂತಿತು. ಮನೆಯಲ್ಲಿ ಕೇಳಿದಾಗ, ‘ಬಾಲಕ ಅನ್ನೋದನ್ನ ಪ್ರೀತಿಯಿಂದ ಹಾಗೆ ಕರೀತಾರೆ’ ಎಂದು ಹೇಳಿ ಮಾನ ಉಳಿಸಿಕೊಂಡ.

ಆ ನರೆತ ತಲೆಯವರೇ ಲಿಫ್ಟ್ ಮಾಮ. ಊರಿನ ಎತ್ತರದ ಕಟ್ಟಡಗಳ ಲಿಫ್ಟುಗಳನ್ನು ರಿಪೇರಿ ಮಾಡುವವರು, ನಿವೃತ್ತಿಗೆ ಹತ್ತಿರವಾಗಿದ್ದರು. ವಾರವಿಡೀ ಬೆನ್ನಿಗೆ ಸಾಮಾನಿನ ಚೀಲ ಹೊತ್ತು ಆ ಹಸಿರು ಸೈಕಲ್ಲಿನಲ್ಲೇ ಕೆಲಸಕ್ಕೆ ಹೊರಡುವರು. ಭಾನುವಾರ ಅದರಲ್ಲೇ ರೇಸಿಗೆ. ಉಳಿದವರು ಮೊಬೈಲು ಬದಲಾಯಿಸಿದಂತೆ ಸೈಕಲ್ಲು ಬದಲಾಯಿಸುತ್ತಿದ್ದರೂ, ಮದುವೆಗೆ ಮುಂಚೆ ಬಂದ ಆ ಉಕ್ಕಿನ ಸೈಕಲ್ಲಿನಿಂದ ಮಾಮ ಇಳಿಯಲಿಲ್ಲ. ಟೈರು ಸವೆದು ಹೋದವು, ಚೈನುಗಳು ಹೋದವು, ಹ್ಯಾಂಡಲ್ಲಿನ ಪಟ್ಟಿ ವರ್ಷಕ್ಕೊಮ್ಮೆ ಬದಲಾಯಿತು. ಫ್ರೇಮು ಮಾತ್ರ ಅದೇ. ಹಾಗಲಕಾಯಿ ಸಿಪ್ಪೆಯ ಹಸಿರು, ಮುಂದಿನ ಪೈಪಿನ ಮೇಲೆ ಅರ್ಧ ಅಳಿಸಿಹೋದ ಒಂದು ಹಕ್ಕಿಯ ಗುರುತು.

ಅದು ಅವರ ಕೈಗೆ ಬಂದ ಕತೆಯಲ್ಲೇ ಅನುಮಾನದ ವಾಸನೆ ಇತ್ತು. ಮಾಮ ಆಗಿನ್ನೂ ಕೆಲಸ ಕಲಿಯುತ್ತಿದ್ದ ತರುಣ. ಒಂದು ಕಟ್ಟಡದ ತುತ್ತತುದಿಯ ಮನೆಯಲ್ಲಿ ಆ ಕಾಲದ ಸೈಕಲ್ ಓಟಗಾರನೊಬ್ಬನಿದ್ದ. ಸೈಕಲ್ಲನ್ನು ಹಿಂದಿನ ಚಕ್ರದ ಮೇಲೆ ಎತ್ತಿ ನಿಲ್ಲಿಸಿಕೊಂಡು ಲಿಫ್ಟಿನಲ್ಲೇ ಹತ್ತಿಳಿಯುತ್ತಿದ್ದ. ಒಂದು ದಿನ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಒಳಗೆ ಕತ್ತಲು, ಒಬ್ಬ ಮನುಷ್ಯ, ಒಂದು ಸೈಕಲ್ಲು. ಬಾಗಿಲು ಮೀಟಿ ಅವನನ್ನು ಹೊರಗೆಳೆದದ್ದು ಮಾಮ. ಅಂದಿನಿಂದ ಆ ಓಟಗಾರ ಲಿಫ್ಟಿನೊಳಗೆ ಕಾಲಿಡಲಿಲ್ಲ. ಸೈಕಲ್ಲನ್ನು ಹೆಗಲಿಗೇರಿಸಿ ಮೆಟ್ಟಿಲು ಹತ್ತಿ ಹತ್ತಿ ಸೊಂಟ ಬಿದ್ದುಹೋಗಿ, ಕಡೆಗೆ ‘ನೀನೇ ಇಟ್ಕೊಳ್ಳಪ್ಪ’ ಎಂದು ತನ್ನನ್ನು ಹೊರಗೆಳೆದವನಿಗೇ ಕೊಟ್ಟುಬಿಟ್ಟ.

“ಲಿಫ್ಟು ತಾನಾಗಿ ನಿಂತಿತೋ, ನೀವು ನಿಲ್ಲಿಸಿದ್ರೋ?” ಎಂದು ಕ್ಲಬ್ಬಿನವರು ಕಾಲೆಳೆದರೆ ಮಾಮ, “ಬ್ರೇಕು ಹಿಡ್ಕೊಂಡಿತ್ತು” ಎನ್ನುವರು. ಯಾಕೆ ಹಿಡ್ಕೊಂಡಿತ್ತು ಎಂದರೆ, “ಹಿಡ್ಕೊಳ್ಳೋಕೇ ಅಲ್ವಾ ಬ್ರೇಕು ಇರೋದು?” ಎನ್ನುವರು. ಇಂಥ ಉತ್ತರ ಕೊಡುವವರನ್ನು ನಂಬುವುದು ಹೇಗೆ?

ನಂಬಲಿ ಬಿಡಲಿ, ಹೆದರುತ್ತಂತೂ ಇದ್ದರು. ಭಾನುವಾರ ಹೊರಡುವ ಮುಂಚೆ ಮಾಮ ಬಿಳೀ ಕರ್ಚೀಫು ಹಿಡಿದು ಸಾಲಿನುದ್ದಕ್ಕೂ ನಡೆಯುವರು. ಒಬ್ಬೊಬ್ಬರ ಚೈನಿಗೂ ಅದನ್ನು ಒತ್ತಿ, ಕಪ್ಪು ಗುರುತು ಬಿದ್ದರೆ ಬಾವುಟದಂತೆ ಎತ್ತಿ ಎಲ್ಲರಿಗೂ ತೋರಿಸುವರು. “ನೋಡ್ರಪ್ಪಾ, ಇವರು ಬ್ಯಾಂಕ್ ಮ್ಯಾನೇಜರು! ಗ್ರೀಸು ಎಣ್ಣೆ ಹಾಕೋಕೆ ಸೋಮಾರಿತನ ಮಾಡೋನು ನಾಳೆ ಹೆಂಡ್ತಿ ಮಕ್ಕಳಿಗೆ ಅನ್ನ ಹಾಕ್ತಾನಾ?” ಬಾಲನ ಚೈನಿಗೆ ಒತ್ತಿದ ದಿನ ಕರ್ಚೀಫನ್ನು ಎತ್ತಿ ತೋರಿಸಲಿಲ್ಲ, ಸುಮ್ಮನೆ ಮಡಿಸಿ ಅವನ ಜೇಬಿಗೇ ತುರುಕಿ, “ಒಗೆದು ತಂದ್ಕೊಡು” ಎಂದರು. ಬೈಸಿಕೊಂಡಿದ್ದರೆ ಎಷ್ಟೋ ವಾಸಿಯಿತ್ತು.

ಕ್ಲಬ್ಬಿನ ದೊಡ್ಡ ರೇಸು ವರ್ಷಕ್ಕೊಮ್ಮೆ ನಡೆಯುವ ಬೆಟ್ಟದ ಓಟ. ಆ ಹಸಿರು ಸೈಕಲ್ಲು ಬಂದಾಗಿನಿಂದ ಮಾಮ ಅದನ್ನು ಒಂದು ವರ್ಷವೂ ತಪ್ಪಿಸಿರಲಿಲ್ಲ. ಗೆದ್ದದ್ದು ಕಡಿಮೆ, ನಾಯಿ ಅಡ್ಡ ಬಂದು ಮೋರಿಗೆ ಹಾರಿದ್ದು, ಟೈರು ಒಡೆದು ಸೈಕಲ್ಲು ಹೊತ್ತು ಓಡಿದ್ದು, ಮಗಳು ಹುಟ್ಟಿದ ವಾರವೇ ಹೆಂಡತಿಯ ಕೈಲಿ ಬೈಸಿಕೊಂಡು ಹೋಗಿ ಕೊನೆಯವರಾಗಿ ಬಂದದ್ದು, ಎಲ್ಲ ಸೇರಿ ಅದೊಂದು ಅವರ ಜೀವನಚರಿತ್ರೆಯೇ ಆಗಿತ್ತು. “ಬೆಟ್ಟದ ಮೇಲೆ ನಿಂತು ಒಂದ್ಸಲ ಮೂತ್ರ ಮಾಡಿ ಇಳಿದ್ರೆ ನನಗೆ ವರ್ಷ ಶುರುವಾದ ಹಾಗೆ,” ಎನ್ನುತ್ತಿದ್ದರು.

ಇತ್ತೀಚೆಗೆ ಅವರ ಓಟ ಕುಂದಿತ್ತು. ಏರಿನಲ್ಲಿ ಸೊಂಟ ಅತ್ತ ಇತ್ತ ಹೊರಳುತ್ತಿತ್ತು, ಪಾದದ ತುದಿಯಲ್ಲಿ ತುಳಿಯುತ್ತಿದ್ದರು. ಮಾಮನ ಕಾಲ ಮುಗೀತು ಎಂದು ಎಲ್ಲರೂ ಮರುಗುವ ಧಾಟಿಯಲ್ಲಿ ಒಳಗೊಳಗೇ ಖುಷಿಪಟ್ಟರು. ಆದರೆ ಕಳೆದ ಸಲದ ಬೆಟ್ಟದ ಓಟದಲ್ಲಿ ಅದೇನಾಯಿತೋ, ಮಾಮ ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತ ಹೋದರು. ಗರಿಯಷ್ಟು ಹಗುರದ ಕಾರ್ಬನ್ ಸೈಕಲ್ಲಿನಲ್ಲಿದ್ದ ಹಲ್ಲಿನ ಡಾಕ್ಟರನ್ನೂ ಕೊನೆಯ ತಿರುವಿನಲ್ಲಿ ದಾಟಿದರು. ದಾಟುವಾಗ ‘ಗುಂಯ್’ ಎಂಬ ಸದ್ದು ಬಂತೆಂದು ಡಾಕ್ಟರು ಆಣೆ ಮಾಡಿ ಹೇಳಿದರು.

ಆ ಗುಂಯ್ ಡಾಕ್ಟರ ಕಿವಿಯಿಂದ ಇಳಿಯಲೇ ಇಲ್ಲ. ಈ ವರ್ಷದ ಓಟ ಹತ್ತಿರವಾಗುತ್ತಿದ್ದಂತೆ ಬಾಲ ಹಲ್ಲು ತುಂಬಿಸಿಕೊಳ್ಳಲು ಅವರ ಕ್ಲಿನಿಕ್ಕಿಗೆ ಹೋಗಿದ್ದ. ಬಾಯಿ ತುಂಬ ಹತ್ತಿ ತುರುಕಿ, ಕುರ್ಚಿ ಹಿಂದಕ್ಕೆ ಬಾಗಿಸಿ, ಅವನು ಎಲ್ಲಿಗೂ ಹೋಗಲಾರನೆಂದು ಖಾತ್ರಿಯಾದ ಮೇಲೆ ಡಾಕ್ಟರು ದನಿ ತಗ್ಗಿಸಿದರು.

“ಸೀಟಿನ ಕೆಳಗಿನ ಪೈಪಿನೊಳಗೆ ಮೋಟಾರು ಕೂರಿಸ್ತಾರಂತೆ ಈಗೆಲ್ಲ. ಹೊರಗೆ ಏನೂ ಕಾಣಲ್ಲ. ಮಾಮನಿಗೆ ಮೋಟಾರು ಅಂದ್ರೆ ನಮಗೆ ಬ್ರಷ್ಷು ಇದ್ದ ಹಾಗೆ. ಅದಕ್ಕೇ ಈ ಸಲ ಎಲ್ಲರ ಸೀಟನ್ನೂ ರಾಡು ಸಮೇತ ಕಿತ್ತು ನೋಡೋದು ಅಂತ ನಿಯಮ ಮಾಡಿದೆ. ಮಾಮ ಏನಂದ್ರು ಗೊತ್ತಾ? ‘ನನ್ನ ಸೈಕಲ್ ಮುಟ್ಟಬೇಡಿ’ ಅಂದ್ರು. ಯಾಕೆ ಮುಟ್ಟಬಾರ್ದು? ನೀನು ಅವರ ಮನೆಗೆ ಹೋಗಿ ಬರೋನು. ಒಂದ್ಸಲ ನೋಡ್ಕೊಂಡು ಬಾ. ಆಯ್ತಾ?”

“ಆಂ,” ಎಂದ ಬಾಲ. ಬಾಯಿ ತೆರೆದವನು ಬೇರೇನು ಹೇಳಿಯಾನು? ಡಾಕ್ಟರು ಅದನ್ನು ಒಪ್ಪಿಗೆಯೆಂದೇ ತಿಳಿದರು. ಬಾಯಿ ಮುಕ್ಕಳಿಸಿದ ಮೇಲೆ ಅವನಿಗೆ ಮಾತು ಬಂತು.

“ಬ್ಯಾಟರಿ ಎಲ್ಲಿರುತ್ತೆ ಡಾಕ್ಟ್ರೇ?”

“ಮಾಮನ ಹೊಸ ಷೂ ನೋಡಿದ್ಯಾ? ಅಷ್ಟು ದಪ್ಪ ಅಟ್ಟೆ ಯಾಕೆ?”

“ಷೂನಿಂದ ಸೈಕಲ್ಲಿಗೆ ಕರೆಂಟು ಹೇಗೆ ಹೋಗುತ್ತೆ?”

“ಅದನ್ನೇ ನೀನು ಕಂಡುಹಿಡೀಬೇಕು.”

ಹೀಗೆ ಬಾಲ ಗೂಢಚಾರನಾದ. ನೆಪ ಸಿದ್ಧವಾಗಿಯೇ ಇತ್ತು. ಪ್ರತಿ ವರ್ಷ ಬೆಟ್ಟದ ಓಟದ ಮುಂಚೆ, ಸೈಕಲ್ಲಿನ ಗೀರುಗಳಿಗೆ ಬಳಿಯಲೆಂದು ಮಾಮ ಬಣ್ಣದಂಗಡಿಯಿಂದ ಒಂದು ಪುಟ್ಟ ಡಬ್ಬಿ ಹಸಿರು ಒಯ್ಯುತ್ತಿದ್ದರು. ಆ ಹಸಿರು ಈಗ ಯಾರೂ ತಯಾರಿಸದ ಹಸಿರು. ಬಾಲನೇ ಹಳದಿ, ನೀಲಿ, ಚೂರು ಕಪ್ಪು ಬೆರೆಸಿ ಹೊಂದಿಸಬೇಕು. “ಈ ಸಲ ನಾನೇ ಮನೆಗೆ ತರ್ತೀನಿ ಮಾಮ, ಪಕ್ಕದಲ್ಲಿಟ್ಟು ನೋಡಿದ್ರೆ ಸರಿಯಾಗಿ ಕೂರುತ್ತೆ,” ಎಂದು ಫೋನು ಮಾಡಿದ. “ಬಾರೋ, ಅದಕ್ಕೇನು,” ಎಂದರು ಮಾಮ. ಆ ಸಲಿಗೆ ಅವನ ಎದೆಗೆ ಮುಳ್ಳಿನಂತೆ ಚುಚ್ಚಿತು; ಆದರೆ ಗೂಢಚಾರರಿಗೆ ಇದೆಲ್ಲ ಇದ್ದದ್ದೇ ಎಂದು ಸಮಾಧಾನ ಮಾಡಿಕೊಂಡ.

ಊರಿಗೆಲ್ಲ ಲಿಫ್ಟು ನೋಡಿಕೊಳ್ಳುವವರ ಮನೆ ಲಿಫ್ಟಿಲ್ಲದ ಕಟ್ಟಡದ ಮೇಲಿನ ಮಹಡಿಯಲ್ಲಿತ್ತು. ಬಾಲ ಏದುಸಿರು ಬಿಡುತ್ತ ಹತ್ತಿದಾಗ ಬಾಗಿಲು ತೆರೆದದ್ದು ಮಾಮನ ಹೆಂಡತಿ. ಇವನು ಅವರನ್ನು ಅತ್ತೆ ಎನ್ನುತ್ತಿದ್ದ. ಶಾಲೆಯಲ್ಲಿ ಲೆಕ್ಕದ ಮೇಡಂ. ಕೈಯಲ್ಲಿ ಕೆಂಪು ಪೆನ್ನು, ಮೇಜಿನ ಮೇಲೆ ಉತ್ತರ ಪತ್ರಿಕೆಗಳ ರಾಶಿ.

“ಇವ್ರಿನ್ನೂ ಬಂದಿಲ್ಲ ಕಣೋ. ಯಾರೋ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದ್ದಾರಂತೆ, ಆಫೀಸಿನ ವ್ಯಾನು ಬಂದು ಕರ್ಕೊಂಡು ಹೋಯ್ತು. ಕೂತ್ಕೋ, ಟೀ ತರ್ತೀನಿ.”

ಅತ್ತೆ ಅಡುಗೆಮನೆಗೆ ಹೋದರು. ಹಸಿರು ಸೈಕಲ್ಲು ಹಾಲಿನಲ್ಲೇ, ಪುಸ್ತಕದ ಕಪಾಟಿನ ಪಕ್ಕ ಗ್ರಿಲ್ಲಿಗೆ ಒರಗಿ ನಿಂತಿತ್ತು. ಚೈನು ಆಭರಣದಂತೆ ಹೊಳೆಯುತ್ತಿತ್ತು. ಬಾಲ್ಕನಿಯ ಕೆಲಸದ ಮೇಜಿನತ್ತ ಬಾಲ ಕಣ್ಣು ಹಾಯಿಸಿದ. ಸ್ಪ್ಯಾನರುಗಳ ನಡುವೆ, ವೈರು ಜೋತುಬಿದ್ದ ಒಂದು ಮೋಟಾರು! ಮುಷ್ಟಿಗಿಂತ ದಪ್ಪ. ಅದು ಸೈಕಲ್ಲಿನ ಪೈಪಿನೊಳಗೆ ತೂರುವುದಿಲ್ಲವೆಂದು ಕಣ್ಣು ಹೇಳಿತು. ಆದರೆ ಅನುಮಾನಕ್ಕೆ ಕಣ್ಣಿನ ಮಾತು ಕೇಳಿಸುವುದಿಲ್ಲ. ಜೇಬಿನಿಂದ ಕೀಲಿ ತೆಗೆದು ಸೀಟಿನ ರಾಡು ಹಿಡಿದಿದ್ದ ಬೋಲ್ಟನ್ನು ಸಡಿಲಿಸಿದ. ಸೀಟು ಹಿಡಿದು ಮೇಲಕ್ಕೆಳೆದ. ಜಗ್ಗಲಿಲ್ಲ. ತಿರುವಿದ. ಅಲ್ಲಾಡಲಿಲ್ಲ. ಕಡೆಗೆ ಸೈಕಲ್ಲನ್ನು ಮಂಡಿಗಳ ನಡುವೆ ಅವುಚಿಕೊಂಡು, ಕಣ್ಣು ಮುಚ್ಚಿ, ಹಲ್ಲು ಕಚ್ಚಿ (ಹೊಸದಾಗಿ ತುಂಬಿಸಿದ್ದು ಚುಳ್ಳೆಂದಿತು) ಜೀವ ಬಿಟ್ಟು ಎಳೆದ.

“ಏನೋ ಅದು? ಕುಸ್ತಿ ಆಡ್ತಿದ್ದೀಯಾ?”

ಟೀ ಲೋಟ ಹಿಡಿದು ಅತ್ತೆ ನಿಂತಿದ್ದರು. ಅವರ ಹಿಂದೆ, ಆಗತಾನೆ ಒಳಗೆ ಕಾಲಿಟ್ಟ ಮಾಮ.

ಮಾಮ ಚಪ್ಪಲಿ ಬಿಟ್ಟರು. ಬಂದು, ಸಡಿಲವಾದ ಬೋಲ್ಟನ್ನು ಬೆರಳಲ್ಲಿ ಮುಟ್ಟಿ ನೋಡಿದರು.

“ಡಾಕ್ಟರು ಕಳಿಸಿದ್ರಾ?”

“ಇಲ್ಲ ಮಾಮ... ಹೌದು ಮಾಮ.”

“ಸೀಟು ಬಂತಾ?”

“ಬರ್ಲಿಲ್ಲ.”

“ಬರಲ್ಲ,” ಎಂದು ಮಾಮ ಕುರ್ಚಿಯಲ್ಲಿ ಕೂತರು.

“ಹೇಳಿಬಿಡಿ ಅಂತ ನಾನು ಬಡ್ಕೊಂಡೆ,” ಅತ್ತೆ ಲೋಟವನ್ನು ಮೇಜಿಗೆ ಕುಕ್ಕಿದರು. “ಆ ಪೈಪು ಉಕ್ಕು, ರಾಡು ಅಲ್ಯೂಮಿನಿಯಂ. ಇವ್ರ ಬೆವರು ವರ್ಷಗಟ್ಟಲೆ ಒಳಗೆ ಇಳಿದು ಎರಡೂ ಒಂದಕ್ಕೊಂದು ಕಚ್ಚಿಕೊಂಡಿವೆ. ಬಲವಂತ ಮಾಡಿದ್ರೆ ಫ್ರೇಮೇ ಸೀಳುತ್ತಂತೆ. ಸೀಟು ಮೇಲೂ ಬರಲ್ಲ, ಕೆಳಗೂ ಹೋಗಲ್ಲ. ಆದ್ರೆ ಇವ್ರು ಹೋದ್ರಲ್ಲ ಕೆಳಗೆ!”

ಅತ್ತೆ ಅಡುಗೆಮನೆಯ ಬಾಗಿಲ ಚೌಕಟ್ಟನ್ನು ತೋರಿಸಿದರು. ಅಲ್ಲಿ ಪೆನ್ಸಿಲ್ ಗೆರೆಗಳು. ಎಡಗಡೆ ಮಗಳು ಬೆಳೆದಂತೆ ಮೇಲಕ್ಕೆ ಹತ್ತಿದ ಗೆರೆಗಳು. ಬಲಗಡೆ ಅಪ್ಪನವು, ಒಂದರ ಕೆಳಗೊಂದು ಇಳಿಯುತ್ತ ಬಂದಿದ್ದವು.

“ವಯಸ್ಸಾದ ಹಾಗೆ ಕುಗ್ಗಿದ್ರು. ಪೆಡಲ್ಲಿಗೆ ಕಾಲು ಎಟುಕದೆ ಸೊಂಟ ಹೊರಳಿಸಿ ತುಳಿಯೋರು. ಆಮೇಲೆ ಲಿಫ್ಟಿನ ಮೋಟಾರು ಅದುರಬಾರ್ದು ಅಂತ ಕೆಳಗೆ ಹಾಕ್ತಾರಲ್ಲ ರಬ್ಬರು, ಅದನ್ನ ಕತ್ತರಿಸಿ ಷೂಗೆ ಅಂಟಿಸ್ಕೊಂಡ್ರು. ಮತ್ತೆ ಕಾಲು ಎಟುಕಿತು, ಮತ್ತೆ ಓಟ ಶುರುವಾಯ್ತು. ಇಷ್ಟೇ ನಿಮ್ಮ ಮೋಟಾರು.”

“ಆ ಮೇಜಿನ ಮೇಲಿರೋದು?” ಬಾಲ ಬಾಲ್ಕನಿಯತ್ತ ನೋಡಿ ಮೆಲ್ಲಗೆ ಕೇಳಿದ.

“ನನ್ನ ಮಿಕ್ಸಿದು. ಬಿಚ್ಚಿಟ್ಟು ವಾರ ಆಯ್ತು. ಅದರ ಬಗ್ಗೆ ಒಂದು ತನಿಖೆ ಮಾಡಿಸು ನಿಮ್ಮ ಡಾಕ್ಟರ ಹತ್ರ.”

“ಮತ್ತೆ ಗುಂಯ್ ಅನ್ನೋ ಸದ್ದು?”

“ಮೂಗು! ಏರು ಬಂದ್ರೆ ಮೂಗಲ್ಲೇ ಹಾಡ್ತಾರೆ. ಜೊತೆಗೆ ಬಾಳಿದವಳು ನಾನು, ನನಗೆ ಗೊತ್ತಿಲ್ವಾ?”

ಕೊನೆಯ ಸಲ ರಾಡನ್ನು ಬಿಚ್ಚಿ ಗ್ರೀಸು ಹಚ್ಚಿದ್ದು ಯಾವಾಗ ಎಂಬ ಪ್ರಶ್ನೆ ಬಾಲನ ನಾಲಿಗೆಯ ತುದಿಗೆ ಬಂತು. ಮಾಮನ ಮುಖ ನೋಡಿ ನುಂಗಿಕೊಂಡ.

“ಹಾಗಾದ್ರೆ ನಾನೇ ಹೇಳ್ತೀನಿ ಮಾಮ. ಕಚ್ಚಿಕೊಂಡಿದೆ, ಬರಲ್ಲ ಅಂತ. ಮುಗೀತಲ್ಲ?”

“ಬಾಯಿ ಬಿಟ್ಟೀಯಾ ಜೋಕೆ!” ಮಾಮ ಕುರ್ಚಿಯಿಂದ ಎದ್ದೇಬಿಟ್ಟರು. “ಮೋಟಾರು ಇದ್ರೂ ಇರಬಹುದು ಅಂತಾನೇ ಹೇಳು.”

“ಕಳ್ಳ ಅಂತಾರೆ ಮಾಮ!”

“ಅನ್ಲಿ. ಅಷ್ಟು ಸಣ್ಣ ಪೈಪಲ್ಲಿ ಮೋಟಾರು ಕೂರಿಸೋಕೆ ಕೈಚಳಕ ಬೇಕು ಕಣೋ. ತುಕ್ಕು ಹಿಡಿಸೋಕೆ ಏನು ಬೇಕು? ಇಷ್ಟು ವರ್ಷ ಎಲ್ಲರ ಚೈನಿಗೂ ಕರ್ಚೀಫು ಒತ್ತಿ ಮಾನ ಕಳೆದವನು ನಾನು. ನಾನು ಸರಿಯಿದೆ ಅಂದ ಲಿಫ್ಟಲ್ಲಿ ಜನ ಮಕ್ಕಳುಮರಿ ಕಟ್ಕೊಂಡು ಹತ್ತುತ್ತಾರೆ. ಅಂಥವನ ಸ್ವಂತ ಸೈಕಲ್ಲೇ ಒಳಗೆ ಕೊಳೆತು ಕೂತಿದೆ ಅಂತ ಗೊತ್ತಾದ್ರೆ?”

ಬಾಲ ಯೋಚಿಸಿದ. “ಕೆಳಗೆ ಪೆಡಲ್ಲುಗಳ ಮಧ್ಯೆ ಇರೋ ಆಕ್ಸಲ್ ಬಿಚ್ಚಿದ್ರೆ? ಅಲ್ಲಿಂದ ಪೈಪಿನೊಳಗೆ ಕಾಣುತ್ತಲ್ಲ? ಮೋಟಾರು ಇಲ್ಲ ಅಂತ ತೋರಿಸಬಹುದು.”

“ಕಾಣುತ್ತೆ. ಇಲ್ಲದ್ದೂ ಕಾಣುತ್ತೆ, ಇರೋ ತುಕ್ಕೂ ಕಾಣುತ್ತೆ.”

“ಹಾಗಾದ್ರೆ ಈ ವರ್ಷ ಬೆಟ್ಟ ಬಿಡ್ತೀರಾ?” ಎಂದರು ಅತ್ತೆ.

ಮಾಮ ಬೋಲ್ಟನ್ನು ಮತ್ತೆ ಬಿಗಿ ಮಾಡಿದರು. ಬಾಲ ತಂದಿದ್ದ ಹಸಿರನ್ನು ಕಿಟಕಿಯ ಬೆಳಕಿಗೆ ಹಿಡಿದು, “ಒಂದು ಹನಿ ಹಳದಿ ಜಾಸ್ತಿಯಾಗಿದೆ,” ಎಂದು ವಾಪಸ್ ಕೊಟ್ಟರು.

ಡಾಕ್ಟರಿಗೆ ಬಾಲ ಅರ್ಧ ಸತ್ಯ ಹೇಳಿದ. ಅದು ಪೂರಾ ಸುಳ್ಳಿಗಿಂತ ಕೆಟ್ಟದ್ದಾಯಿತು.

“ಮೋಟಾರು ಕಾಣಲಿಲ್ಲ ಡಾಕ್ಟ್ರೇ. ಸೀಟು ಎಳೆದೆ, ಬರ್ಲಿಲ್ಲ.”

“ಲಾಕ್ ಮಾಡಿದ್ದಾರೆ! ನಾನು ಹೇಳ್ಲಿಲ್ವಾ?”

ವಾರ ಕಳೆಯುವುದರೊಳಗೆ ಮಾಮನ ಸೀಟಿಗೆ ಗುಟ್ಟಿನ ಬೀಗವಿದೆ, ಬೀಗದ ಕೀಲಿ ಅತ್ತೆಯ ಸೊಂಟದಲ್ಲಿದೆ, ಗಂಟೆಯ ಬಟನ್ನೇ ಮೋಟಾರಿನ ಸ್ವಿಚ್ಚು ಎಂದೆಲ್ಲ ಕ್ಲಬ್ಬಿನಲ್ಲಿ ಸುದ್ದಿ ಹಬ್ಬಿತು. ಆ ಸೈಕಲ್ಲಿಗೆ ಗಂಟೆಯೇ ಇಲ್ಲವೆಂದು ಯಾರಿಗೂ ಹೊಳೆಯಲಿಲ್ಲ. ತಮಾಷೆಯೆಂದರೆ, ಡಬ್ಬಿ ಕುಲುಕುವ ಯಂತ್ರದ ಪಕ್ಕ ನಿಂತು ಒಂದು ಹನಿ ಹಳದಿ ಕಮ್ಮಿ ಮಾಡಿ ಮತ್ತೆ ಹಸಿರು ಬೆರೆಸುತ್ತಿದ್ದ ಬಾಲನ ತಲೆಯೊಳಗೂ ಹುಳ ಕೊರೆಯತೊಡಗಿತು. ಕಚ್ಚಿಕೊಂಡಿದೆ ಎಂಬುದಕ್ಕೆ ಸಾಕ್ಷಿ ಏನು? ಮಾಮ ಹೇಳಿದ್ದು, ಅತ್ತೆ ಹೇಳಿದ್ದು. ಗಂಡ ಹೆಂಡತಿ ಒಂದೇ. ಬಾಗಿಲ ಮೇಲಿನ ಗೆರೆ ಎಳೆಯಲು ಎಷ್ಟು ಹೊತ್ತು ಬೇಕು? ಬ್ರೇಕು ಹಿಡ್ಕೊಂಡಿತ್ತು ಎಂದು ಇಷ್ಟು ವರ್ಷ ಕಣ್ಣು ಮಿಟುಕಿಸದೆ ಹೇಳಿದವರು, ರಾಡು ಕಚ್ಚಿಕೊಂಡಿದೆ ಎನ್ನಲು ಹಿಂಜರಿದಾರೇ? ಟೀ ಕೊಟ್ಟವರ ಮೇಲೆ ಹೀಗೆ ಅನುಮಾನಪಡುತ್ತೀಯಲ್ಲ ಎಂದು ತನಗೆ ತಾನೇ ಛೀಮಾರಿ ಹಾಕಿಕೊಂಡ. ಅನುಮಾನ ಹೋಗಲಿಲ್ಲ, ನಾಚಿಕೆಯೊಂದು ಜೊತೆಗೆ ಸೇರಿತು ಅಷ್ಟೆ.

ಓಟದ ದಿನ ಬೆಳಿಗ್ಗೆ ಬೆಟ್ಟದ ಬುಡದಲ್ಲಿ ಎಲ್ಲರೂ ಸೇರಿದರು. ಸೀಟು ಕಿತ್ತ ಸೈಕಲ್ಲುಗಳು ಗೋಡೆಯುದ್ದಕ್ಕೂ ತಲೆಯಿಲ್ಲದ ಕೊಕ್ಕರೆಗಳಂತೆ ನಿಂತಿದ್ದವು. ಡಾಕ್ಟರು ಒಂದೊಂದೇ ಪೈಪಿನೊಳಗೆ ಟಾರ್ಚು ಬಿಟ್ಟು ನೋಡಿ, ಎದೆಗೆ ಕಟ್ಟಿಕೊಳ್ಳುವ ನಂಬರಿನ ಬಟ್ಟೆ ಕೊಡುತ್ತಿದ್ದರು. ಬಾಲನ ಪೈಪಿನೊಳಗಿಂದ ಒಂದು ಜಿರಳೆ ಹೊರಬಂತು. ಅದನ್ನು ಮೋಟಾರೆಂದು ಪರಿಗಣಿಸಬೇಕೇ ಎಂಬ ಚರ್ಚೆ ನಡೆದು, ಬಾಲನ ವೇಗ ನೋಡಿದರೆ ಇರಲಾರದು ಎಂದು ತೀರ್ಮಾನವಾಯಿತು.

ಮಾಮನ ಸರದಿ ಬಂತು.

“ಸೀಟು, ಮಾಮ,” ಎಂದರು ಡಾಕ್ಟರು.

“ಬಿಚ್ಚಲ್ಲ.”

“ನಿಯಮ ಎಲ್ಲರಿಗೂ ಒಂದೇ. ಬಿಚ್ಚಲ್ಲ ಅಂದ್ರೆ ನಂಬರ್ ಕೊಡೋಕಾಗಲ್ಲ.”

“ಚಾರ್ಜ್ ಮಾಡೋದು ಮರೆತು ಬಂದ್ರಾ ಮಾಮ?” ಹಿಂದಿನಿಂದ ಯಾರೋ ಕೂಗಿದರು. ನಗು ಸಾಲಿನ ಈ ತುದಿಯಿಂದ ಆ ತುದಿಗೆ ಹೋಯಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಬ್ಯಾಂಕ್ ಮ್ಯಾನೇಜರು.

ಮಾಮ ಸೈಕಲ್ಲನ್ನು ತಿರುಗಿಸಿದರು. ಊರಿನ ಕಡೆಗೆ ತಳ್ಳಿಕೊಂಡು ಹೊರಟರು. ಬಾಲ ಹಿಂದೆಯೇ ಓಡಿ ಪಕ್ಕದಲ್ಲಿ ನಡೆದ. ಸ್ವಲ್ಪ ದೂರ ಹೋಗಿ ಮಾಮ ನಿಂತು ಹಿಂತಿರುಗಿ ನೋಡಿದರು. ಜನರನ್ನಲ್ಲ, ಅವರ ತಲೆಗಳ ಮೇಲೆ, ತಿರುವು ತಿರುವಾಗಿ ಏರಿ ಮಂಜಿನೊಳಗೆ ಹೋಗುವ ರಸ್ತೆಯನ್ನು. ಬಹಳ ಹೊತ್ತು ನೋಡಿದರು. ಆಮೇಲೆ, “ಥೂ,” ಎಂದರು. ಯಾರಿಗೆಂದು ಬಾಲನಿಗೆ ತಿಳಿಯಲಿಲ್ಲ.

ವಾಪಸ್ ಬಂದು ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿದರು. ಚೀಲದಿಂದ ಸುತ್ತಿಗೆ, ಸ್ಪ್ಯಾನರು ತೆಗೆದರು. ಪೆಡಲಿನ ತೋಳುಗಳ ಪಿನ್ನು ಬಡಿದು ಎರಡನ್ನೂ ಕಳಚಿದರು. ಪಕ್ಕದ ಮುಚ್ಚಳ ತಿರುವಿ ಆಕ್ಸಲನ್ನು ಬೆಣ್ಣೆಯಿಂದ ಕೂದಲು ತೆಗೆದಂತೆ ಹೊರಗೆಳೆದರು. ಹೊಸ ಗ್ರೀಸಿನಲ್ಲಿ ಬೇರಿಂಗಿನ ಗುಂಡುಗಳು ಥಳಥಳಿಸಿದವು. ನಗುತ್ತಿದ್ದವರು ಹತ್ತಿರ ಬಂದು ಸುತ್ತುವರಿದರು.

“ಬನ್ನಿ ಡಾಕ್ಟ್ರೇ, ನೋಡ್ಕೊಳ್ಳಿ. ಪೂರ್ತಿ ನೋಡ್ಕೊಳ್ಳಿ.”

ಡಾಕ್ಟರು ಕಾರಿನಿಂದ ತಮ್ಮ ಹಲ್ಲು ನೋಡುವ ಪುಟ್ಟ ಕನ್ನಡಿಯನ್ನೂ ಕೊಕ್ಕೆ ಕಡ್ಡಿಯನ್ನೂ ತಂದರು. ಬಾಲ ಟಾರ್ಚು ಹಿಡಿದ. ಕನ್ನಡಿ ಪೈಪಿನೊಳಗೆ ಇಳಿಯಿತು. ಡಾಕ್ಟರ ಭುಜದ ಮೇಲಿಂದ ಬಾಲನೂ ಇಣುಕಿದ. ವೈರಿಲ್ಲ, ಮೋಟಾರಿಲ್ಲ. ಆಳದಲ್ಲಿ ಕಂದು ಬಣ್ಣದ ಹಕ್ಕಳೆ ಹಕ್ಕಳೆ, ನಡುವೆ ಬೂದಿ ಬಣ್ಣಕ್ಕೆ ತಿರುಗಿದ ರಾಡಿನ ತುದಿ. ಯಾವುದು ಪೈಪು, ಯಾವುದು ರಾಡು ಎಂದು ಬೇರೆ ಮಾಡಲಾಗದು. ಅವನ ಎದೆಯ ಮೇಲಿನ ಕಲ್ಲು ಇಳಿಯಿತು. ಇಳಿದು ಇನ್ನೆಲ್ಲೋ ಕೂತಿತು.

“ಮೋಟಾರು ಇಲ್ಲ,” ಎಂದರು ಡಾಕ್ಟರು, ಎಲ್ಲರಿಗೂ ಕೇಳುವಂತೆ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕನ್ನಡಿ ಕೈಯಲ್ಲಿದ್ದಾಗ ಅವರು ಕಾರ್ಯದರ್ಶಿಯಲ್ಲ, ಹಲ್ಲಿನ ಡಾಕ್ಟರು. ಕಡ್ಡಿಯಿಂದ ಒಳಗೆ ಕೆರೆದು, ತುದಿಗಂಟಿದ ಕಂದು ಪುಡಿಯನ್ನು ಬೆಳಕಿಗೆ ಹಿಡಿದರು. ಮುಖದಲ್ಲಿ, ಗುಟ್ಟಾಗಿ ಸಿಹಿ ತಿಂದವರ ಮುಂದೆ ತಾಳುವ ಆ ನೊಂದ ಕಳೆ ಬಂತು.

“ಇದೇನು ಮಾಮ? ಒಳಗೆಲ್ಲ ತುಕ್ಕು! ರಾಡು ಪೈಪಿಗೆ ಕಚ್ಚಿಕೊಂಡು ಒಂದೇ ಆಗಿದೆ. ಇದನ್ನ ಕೊನೇ ಸಲ ಬಿಚ್ಚಿ ಕ್ಲೀನ್ ಮಾಡಿದ್ದು ಯಾವಾಗ?”

ಕರ್ಚೀಫಿನಿಂದ ಮಾನ ಕಳೆದುಕೊಂಡವರೆಲ್ಲ ಕತ್ತು ಮುಂದಕ್ಕೆ ಚಾಚಿದರು. ಬ್ಯಾಂಕ್ ಮ್ಯಾನೇಜರು ತುದಿಗಾಲಲ್ಲಿ ನಿಂತರು. ಟಾರ್ಚು ಆರಿಸಿದರೆ ಪ್ರಶ್ನೆಯೂ ಆರಿಹೋದೀತೆಂಬಂತೆ ಬಾಲ ಅದರ ಬಟನ್ನು ಒತ್ತಿದ.

ಮಾಮ ಆಕ್ಸಲನ್ನು ಆಗಲೇ ಮತ್ತೆ ಒಳಗೆ ಕೂರಿಸುತ್ತಿದ್ದರು. ತಲೆ ಎತ್ತಿದರು.

“ಒಂದ್ಸಲಾನೂ ಬಿಚ್ಚಿಲ್ಲ. ನನ್ನ ನಂಬರ್ ಕೊಡಿ.”